ಐದು ಸಾವಿರದ ಮಿತಿ ಯಾರ ಅಳತೆಗೆ?

ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ ನೆರೆಯುವ ದಿನಗಳಲ್ಲಾಗಲಿ, ಶ್ರಾವಣದ ಶನಿವಾರಗಳಂದು ಪಾವಗಡದ ಶನೈಶ್ಚರನ ಸನ್ನಿಧಿಯಲ್ಲಾಗಲಿ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ದರ್ಶನಕ್ಕೆ ನಿಂತ ಸಾಲಿನಲ್ಲಾಗಲಿ, ಜೇಬುಗಳ್ಳರ ವಿಷಯದಲ್ಲಿ ಎಚ್ಚರವಿರಬೇಕೆಂಬ ಮಾತು ಹೊಸದಲ್ಲ. ಆದರೆ ಈಚಿನ ಕೆಲವು ವರ್ಷಗಳಿಂದ ಆ ಹಳೆಯ ಎಚ್ಚರಿಕೆಗೆ ಒಂದು ಹೊಸ ಉಪಾಖ್ಯಾನವು ಸೇರಿಕೊಂಡಿದೆ. ಕಳ್ಳನು ಈಗ ಜೇಬಿಗೆ ಕೈ ಹಾಕಬೇಕಾದುದೇ ಇಲ್ಲವಂತೆ. ಬ್ಯಾಂಕಿನವರು ಕೊಡುತ್ತಿರುವ, ಜನರು ‘ವೈಫೈ ಕಾರ್ಡು’ ಎನ್ನುವ ಸ್ಪರ್ಶರಹಿತ ಕಾರ್ಡು ನಮ್ಮ ಬಳಿ ಇದ್ದರೆ ಸಾಕು, ಪಕ್ಕದಲ್ಲಿ ನಿಂತವನ ಚೀಲದೊಳಗಿನ ಯಂತ್ರವೊಂದು ನಮ್ಮ ಖಾತೆಯ ಹಣವನ್ನು ಗಾಳಿಯಲ್ಲಿಯೇ ಸೆಳೆದುಕೊಂಡುಬಿಡುವುದಂತೆ. ಶಿರಾದ ಬಸ್ ನಿಲ್ದಾಣದಲ್ಲಿ ಈ ಮಾತು ಕೇಳಿಬರುತ್ತದೆ, ಮದುವೆಯ ಪಂಕ್ತಿಯಲ್ಲಿ ಕೇಳಿಬರುತ್ತದೆ, ವಾಟ್ಸಾಪಿನಲ್ಲಂತೂ ಚಿತ್ರಸಮೇತವಾಗಿ ಬರುತ್ತದೆ. ಕಾರ್ಡಿನ ಮೂಲೆಯಲ್ಲಿ ನಾಲ್ಕು ವಕ್ರರೇಖೆಗಳ ಗುರುತನ್ನು ಕಂಡೊಡನೆ ಅದನ್ನು ಬೆಳ್ಳಿಯ ಕಾಗದದಲ್ಲಿ ಸುತ್ತಿಡುವವರೂ ಉಂಟು.

ಈ ಭೀತಿಯು ಕೇವಲ ಅಜ್ಞಾನಜನ್ಯವೆಂದು ನಗುವುದು ಪಟ್ಟಣದ ಪಂಡಿತರಿಗೆ ಸುಲಭ. ತನ್ನ ಹಣವು ತನ್ನ ಅನುಮತಿಯಿಲ್ಲದೆ ಹೋಗಬಾರದೆಂಬ ಆಗ್ರಹವು ಎಲ್ಲ ಲೇವಾದೇವಿಯ ಮೂಲಧರ್ಮವಾದುದರಿಂದ, ಪಿನ್ ಒತ್ತದೆಯೇ, ಸಹಿ ಹಾಕದೆಯೇ ಸಲ್ಲುವ ಹಣವನ್ನು ಕಂಡು ಮನುಷ್ಯನು ಬೆದರುವುದು ಸಹಜವೇ ಸರಿ. ಆದರೆ ಭಯವು ಇರಬೇಕಾದ ಕಡೆ ಇಲ್ಲದೆ ಇರಬೇಕಾಗಿಲ್ಲದ ಕಡೆ ನೆಲೆ ಮಾಡಿಕೊಂಡಿದೆಯೆಂಬುದೂ, ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಬಡವನ ಖಾತೆಗೆ ನಿಜವಾಗಿ ಅಪಾಯವನ್ನು ತರತಕ್ಕ ಬಾಗಿಲುಗಳು ಬೇರೆಯೇ ಆಗಿದ್ದು ಅವು ಹಾರು ಹೊಡೆದುಕೊಂಡಿವೆಯೆಂಬುದೂ, ಈ ಕಾರ್ಡಿನ ವಿಷಯದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುತ್ತಿಲ್ಲವೆಂಬುದೂ ನನ್ನ ಅಭಿಪ್ರಾಯ.

ಮೊದಲು ಯಂತ್ರದ ಸಂಗತಿ. ಈ ಕಾರ್ಡಿನಲ್ಲಿ ಬ್ಯಾಟರಿಯಿಲ್ಲ; ತಾನಾಗಿ ಅದು ಏನನ್ನೂ ಪ್ರಸಾರ ಮಾಡುವುದಿಲ್ಲ. ಕಾರ್ಡಿನ ಒಳಪದರದಲ್ಲಿ ಕೂದಲೆಳೆಯಂಥ ತಂತಿಯ ಸುರುಳಿಯೊಂದು ಸುತ್ತಿಕೊಂಡಿದ್ದು, ಅಂಗಡಿಯವನ ಸ್ವೈಪ್ ಮಷಿನ್ನಿನಿಂದ ಹೊರಡುವ ಕಾಂತಕ್ಷೇತ್ರದೊಳಕ್ಕೆ ಅದು ಬಂದಾಗ, ಆ ಕ್ಷೇತ್ರದಿಂದಲೇ ಒಂದಿಷ್ಟು ವಿದ್ಯುತ್ತನ್ನು ಎರವಲು ಪಡೆದು, ನಡುವಣ ಚಿಪ್ಪು ಕ್ಷಣಕಾಲ ಎಚ್ಚರಗೊಂಡು ಮಾತನಾಡುತ್ತದೆ. ಈ ಮಾತುಕತೆಯು ನಡೆಯಬೇಕಾದರೆ ಕಾರ್ಡು ಯಂತ್ರಕ್ಕೆ ಮೂರು ನಾಲ್ಕು ಬೆರಳಗಲದಷ್ಟು ಸಮೀಪದಲ್ಲಿರಬೇಕು. ಪ್ರಯೋಗಶಾಲೆಗಳಲ್ಲಿ ದೊಡ್ಡ ಆಂಟೆನಾಗಳನ್ನಿಟ್ಟು ಇದಕ್ಕಿಂತ ದೂರದಿಂದ ಕದ್ದು ಕೇಳಿದ ವಿಜ್ಞಾನಿಗಳಿದ್ದಾರೆ, ನಿಜ. ಆದರೆ ಹಾಗೆ ಕೇಳಿಸಿಕೊಂಡುದರಿಂದ ಕಳ್ಳನಿಗೆ ದಕ್ಕುವುದು ಬಹಳ ಕಡಮೆ. ಏಕೆಂದರೆ ಪ್ರತಿಯೊಂದು ವ್ಯವಹಾರಕ್ಕೂ ಚಿಪ್ಪು ಹೊಸದೊಂದು ಗೂಢಸಂಖ್ಯೆಯನ್ನು ರಚಿಸಿಕೊಡುವುದರಿಂದ, ಒಮ್ಮೆ ಸಂದುದು ಎರಡನೆಯ ಸಲಕ್ಕೆ ಸಲ್ಲದು. ಆನ್‌ಲೈನ್ ಖರೀದಿಗೆ ಬೇಕಾಗುವ, ಕಾರ್ಡಿನ ಬೆನ್ನಿಗೆ ಅಚ್ಚಾದ ಮೂರಂಕಿಯ ಸಂಖ್ಯೆಯು ಈ ಮಾತುಕತೆಯಲ್ಲಿ ಹೊರಬೀಳುವುದೇ ಇಲ್ಲ. ಇನ್ನು ಕಳ್ಳನು ನಿಜವಾದ ಸ್ವೈಪ್ ಮಷಿನ್ನನ್ನೇ ಚೀಲದಲ್ಲಿಟ್ಟುಕೊಂಡು ಜಾತ್ರೆಯಲ್ಲಿ ತಿರುಗಿದನೆಂದೇ ಇಟ್ಟುಕೊಳ್ಳೋಣ. ಆ ಯಂತ್ರವನ್ನು ಪಡೆಯಬೇಕಾದರೆ ಅವನು ವ್ಯಾಪಾರಿಯೆಂದು ಬ್ಯಾಂಕಿನಲ್ಲಿ ಗುರುತಿನ ಕಾಗದಗಳನ್ನು ಕೊಟ್ಟು ನೋಂದಾಯಿಸಿಕೊಂಡಿರಬೇಕು. ಸೆಳೆದ ಹಣವು ಕೈಗೆ ಬಾರದೆ ಅವನ ಹೆಸರಿನ ಖಾತೆಗೆ, ಸಾಮಾನ್ಯವಾಗಿ ಮರುದಿನ, ಜಮೆಯಾಗಬೇಕು. ಕದಿಯಹೊರಟವನು ತನ್ನ ವಿಳಾಸದ ಚೀಟಿಯನ್ನು ಕದ್ದ ಮನೆಯಲ್ಲಿಯೇ ಬಿಟ್ಟುಬರಬೇಕಾದ ಈ ಬಗೆಯ ಕಳವು ಬುದ್ಧಿವಂತ ಕಳ್ಳರಿಗೆ ರುಚಿಸಲಾರದು.

ಹೀಗೆ ಗಾಳಿಯಲ್ಲಿ ಹಣ ಹೋಗುವುದೆಂಬ ಕಥೆಯು ನಮ್ಮ ಕಡೆಗೆ ಮೊದಲ ಸಲ ಬಂದುದು ಕಾರ್ಡಿನಿಂದಲ್ಲ, ಫಾಸ್ಟ್ಯಾಗಿನಿಂದ. 2021ರ ಫೆಬ್ರವರಿಯಲ್ಲಿ ಅದು ಕಡ್ಡಾಯವಾದ ಮೇಲೆ, ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಟೋಲ್ ಗೇಟಿನಲ್ಲಿ ಗಾಜಿನ ಮೇಲಿನ ಚೀಟಿಯನ್ನು ಓದಿಸಿ ಸುಂಕ ತೆರುವುದು ನಮ್ಮ ಲಾರಿ ಚಾಲಕರಿಗೂ ಕಾರಿನವರಿಗೂ ನಿತ್ಯದ ಅಭ್ಯಾಸವಾಯಿತು. 2022ರ ಜೂನಿನಲ್ಲಿ ಒಂದು ವಿಡಿಯೊ ದೇಶಾದ್ಯಂತ ಹರಿದಾಡಿತು; ಕಾರಿನ ಗಾಜನ್ನು ಒರೆಸುವ ಹುಡುಗನೊಬ್ಬನು ಕೈಗಡಿಯಾರವನ್ನು ಆ ಚೀಟಿಗೆ ತೋರಿಸಿ ಹಣವನ್ನು ಅಪಹರಿಸುವನೆಂದು ಅದರಲ್ಲಿ ಅಭಿನಯಿಸಲಾಗಿತ್ತು. ನೋಂದಾಯಿತ ಟೋಲ್ ಹಾಗೂ ಪಾರ್ಕಿಂಗ್ ಕೇಂದ್ರಗಳಿಗಲ್ಲದೆ ವ್ಯಕ್ತಿಯಿಂದ ವ್ಯಕ್ತಿಗೆ ಆ ಹಣ ಸಲ್ಲಲು ಮಾರ್ಗವೇ ಇಲ್ಲವೆಂದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನು ಸ್ಪಷ್ಟಪಡಿಸಿತು. ಆದರೆ ವಿಡಿಯೊ ತಲಪಿದಷ್ಟು ಮನೆಗಳಿಗೆ ಸ್ಪಷ್ಟೀಕರಣವು ತಲಪಲಿಲ್ಲ, ಎಂದೂ ತಲಪುವುದೂ ಇಲ್ಲ. ಇದಕ್ಕೆ ಪ್ರತಿಯಾಗಿ, ನಿಜವಾಗಿ ನಡೆದ ಒಂದು ವಂಚನೆಯನ್ನು ನೋಡಬೇಕು. ಯೂರೋಪಿನ ಚೆಕ್ ದೇಶದಲ್ಲಿ ಕಂಡುಬಂದುದನ್ನು ಈಸೆಟ್ ಎಂಬ ಸಂಸ್ಥೆಯ ಸಂಶೋಧಕರು 2024ರ ಆಗಸ್ಟಿನಲ್ಲಿ ಪ್ರಕಟಿಸಿದರು: ವಂಚಕರು ಬ್ಯಾಂಕಿನವರೆಂದು ನಂಬಿಸಿ, ಗ್ರಾಹಕನ ಫೋನಿನಲ್ಲಿ ಒಂದು ಕಪಟದ ಆ್ಯಪನ್ನು ಹಾಕಿಸಿ, ಅವನ ಕಾರ್ಡನ್ನು ಅವನ ಫೋನಿನ ಬೆನ್ನಿಗೆ ಅವನ ಕೈಯಿಂದಲೇ ಇಡಿಸಿ, ಪಿನ್ನನ್ನೂ ಅವನಿಂದಲೇ ಒತ್ತಿಸಿ, ಆ ಮಾಹಿತಿಯನ್ನು ದೂರದ ಎಟಿಎಂ ಮುಂದೆ ನಿಂತ ಸಹಚರನ ಫೋನಿಗೆ ಸಾಗಿಸುತ್ತಿದ್ದರು. ಇಲ್ಲಿ ಭೇದಿಸಲ್ಪಟ್ಟದ್ದು ಕಾರ್ಡಿನ ಗೂಢಲಿಪಿಯಲ್ಲ, ಅದನ್ನು ಹಿಡಿದವನ ವಿಶ್ವಾಸ.

ಹಾಗಾದರೆ ಈ ಕಾರ್ಡಿನಲ್ಲಿ ಅಪಾಯವೇ ಇಲ್ಲವೇ? ಇದೆ, ಅದು ಬಹಳ ಸರಳವಾದ, ಯಾವ ವಿಜ್ಞಾನವೂ ಬೇಡದ ಅಪಾಯ. ಕಾರ್ಡು ಕಳೆದುಹೋದರೆ, ಸಿಕ್ಕವನು ಅದನ್ನು ಅಂಗಡಿಯಲ್ಲಿ ತಾಗಿಸಿ ಸಾಮಾನು ಕೊಳ್ಳಬಲ್ಲನು. ಪಿನ್ ಬೇಕೆಂಬ ಅಡ್ಡಿಯನ್ನು ಅನುಕೂಲಕ್ಕಾಗಿ ತೆಗೆದುಹಾಕಿದಾಗ ಆ ಅಡ್ಡಿಯು ಯಜಮಾನನಿಗೆ ಮಾತ್ರವಲ್ಲ, ಕಳ್ಳನಿಗೂ ಇಲ್ಲವಾಯಿತು. ಇದನ್ನರಿತೇ ರಿಸರ್ವ್ ಬ್ಯಾಂಕು 2015ರ ಮೇ ತಿಂಗಳಲ್ಲಿ ಈ ಪದ್ಧತಿಗೆ ಅನುಮತಿ ಕೊಡುವಾಗ, ಒಂದು ವ್ಯವಹಾರಕ್ಕೆ 2,000 ರೂಪಾಯಿ ಮೀರಿದರೆ ಪಿನ್ ಬೇಕೇ ಬೇಕೆಂದು ಮಿತಿಯನ್ನು ಹಾಕಿತು. ಒಂದು ದಿನದಲ್ಲಿ, ವಾರದಲ್ಲಿ, ತಿಂಗಳಲ್ಲಿ ಹೀಗೆ ಎಷ್ಟು ಸಲ ತಾಗಿಸಬಹುದೆಂಬುದಕ್ಕೆ ಕಡಿವಾಣ ಹಾಕುವ ಸ್ವಾತಂತ್ರ್ಯವನ್ನೂ ಬ್ಯಾಂಕುಗಳಿಗೆ ಕೊಟ್ಟಿತು. ಬಳಿಕ ಕೊರೋನಾ ಬಂದು, ಯಂತ್ರದ ಗುಂಡಿಗಳನ್ನು ಮುಟ್ಟುವುದೇ ಭಯದ ವಿಷಯವಾದ ಆ ವರ್ಷದ ಡಿಸೆಂಬರಿನಲ್ಲಿ ಮಿತಿಯನ್ನು ಏರಿಸುವ ನಿರ್ಧಾರವು ಹೊರಬಿದ್ದು, 2021ರ ಜನವರಿ 1ರಿಂದ ಅದು 5,000 ರೂಪಾಯಿಯಾಯಿತು. ವ್ಯಾಧಿಯು ಹೋಯಿತು, ಮಿತಿಯು ಉಳಿಯಿತು.

ಕೇಳಬೇಕಾದ ಪ್ರಶ್ನೆಯು ಇಲ್ಲಿದೆ. ಐದು ಸಾವಿರವೆಂಬುದು ಸಣ್ಣ ಮೊತ್ತವೆಂದು ಯಾರ ಅಳತೆಯಲ್ಲಿ ಗೊತ್ತಾಯಿತು? ಬೆಂಗಳೂರಿನ ಮಾಲಿನಲ್ಲಿ ಒಂದು ಸಂಸಾರವು ಸಿನಿಮಾ ನೋಡಿ ಊಟ ಮಾಡಿ ಹೊರಬೀಳುವಷ್ಟರಲ್ಲಿ ಆಗುವ ವೆಚ್ಚ ಅದೆಂಬುದನ್ನು ಒಪ್ಪೋಣ. ಆದರೆ ಉದ್ಯೋಗ ಖಾತರಿಯ ಕೆಲಸಕ್ಕೆ ಕರ್ನಾಟಕದಲ್ಲಿ 2025–26ನೇ ಸಾಲಿಗೆ ಗೊತ್ತಾದ ದಿನಗೂಲಿ 370 ರೂಪಾಯಿ; ಆ ಲೆಕ್ಕದಲ್ಲಿ ಐದು ಸಾವಿರವೆಂದರೆ ಹದಿಮೂರು ದಿನಗಳಿಗೂ ಮೀರಿದ ದುಡಿಮೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಬರುವುದು 2,000. ಸಂಧ್ಯಾ ಸುರಕ್ಷೆಯ ವೃದ್ಧರಿಗೆ 1,200. ಎಂದರೆ ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯ ಕಡೆಯ ಒಬ್ಬ ಹೆಂಗಸಿನ ಖಾತೆಗೆ ಸರ್ಕಾರವು ಗೃಹಲಕ್ಷ್ಮಿಯಡಿ ಎರಡು ತಿಂಗಳು ಹಾಕಿದ ಅಷ್ಟೂ ಹಣವು, ಒಂದೇ ಒಂದು ಸ್ಪರ್ಶದಲ್ಲಿ, ಯಾವ ಗುಟ್ಟೂ ಕೇಳಲ್ಪಡದೆ ಹೋಗಿಬಿಡಬಹುದು. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯ ಸೌರಪಾರ್ಕಿಗೆ ಭೂಮಿಯನ್ನು ಗೇಣಿಗೆ ಕೊಟ್ಟ ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾಗಿ ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುವ ಹಣವು ಬರುತ್ತದೆ. ಅವನಿಗೆ ಈ ಮಿತಿಯು ಅಷ್ಟಾಗಿ ಬಾಧಿಸದು. ಅದೇ ಭೂಮಿಯಲ್ಲಿ ಹಿಂದೆ ಶೇಂಗಾ ಕೀಳುತ್ತಿದ್ದ ಕೂಲಿಯವನಿಗೆ ಗೇಣಿಯೂ ಇಲ್ಲ, ಈಗ ಕೀಳಲು ಶೇಂಗಾವೂ ಇಲ್ಲ; ಅವನ ಕಾರ್ಡಿಗೂ ಮಿತಿ ಮಾತ್ರ ಅದೇ ಐದು ಸಾವಿರ. ನಮ್ಮ ಹಳ್ಳಿಯ ಹೆಂಗಸರು ಸಂತೆಗೆ ಹೊರಟಾಗ ಅಂದಿನ ಖರ್ಚಿನ ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಉಳಿದುದನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಗಂಟು ಕಳೆದರೂ ಪೆಟ್ಟಿಗೆ ಉಳಿಯುತ್ತಿತ್ತು. ಸ್ಪರ್ಶರಹಿತ ಕಾರ್ಡಿನ ತತ್ತ್ವವೂ ಮೂಲತಃ ಇದೇ. ದೋಷವಿರುವುದು ತತ್ತ್ವದಲ್ಲಲ್ಲ, ಇಡೀ ಪೆಟ್ಟಿಗೆಯು ಹಿಡಿಸುವಷ್ಟು ದೊಡ್ಡದಾದ ಗಂಟನ್ನು ಎಲ್ಲರ ಸೆರಗಿಗೂ ಸಮನಾಗಿ ಕಟ್ಟಿದುದರಲ್ಲಿ.

ಇಂಗ್ಲೆಂಡಿನಲ್ಲಿ 2007ರಲ್ಲಿ ಈ ಕಾರ್ಡು ಬಂದಾಗ ಮಿತಿಯು ಹತ್ತು ಪೌಂಡು. ಜನರು ಪಳಗಿದಂತೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ 2021ರ ಅಕ್ಟೋಬರಿನಲ್ಲಿ ನೂರು ಪೌಂಡಿಗೆ ತಂದರು. ಅಷ್ಟೇ ಅಲ್ಲದೆ, ಒಂದರ ಮೇಲೊಂದು ಕೆಲವು ಸಲ ತಾಗಿಸಿದ ಮೇಲೆ ಯಂತ್ರವು ತಾನಾಗಿ ಪಿನ್ ಕೇಳುವ ಏರ್ಪಾಡು ಅಲ್ಲಿಯೂ ಯೂರೋಪಿನಲ್ಲಿಯೂ ಬಳಕೆಗೆ ಬಂತು. ನಮ್ಮಲ್ಲಿ ಎರಡು ಸಾವಿರದಿಂದ ಐದು ಸಾವಿರಕ್ಕೆ ಒಂದೇ ನೆಗೆತ.

ಇಷ್ಟು ಹೇಳಿದ ಮೇಲೂ, ಈ ಕಾರ್ಡನ್ನು ಬೇಡವೆನ್ನುವವರ ಪಕ್ಷದಲ್ಲಿ ನಾನಿಲ್ಲ. ಬೇಡವೆಂದರೆ ಬೇಕಾಗುವುದು ಪಿನ್ನು, ಮತ್ತು ಈ ಸೀಮೆಯಲ್ಲಿ ಪಿನ್ನು ಎಂಬುದು ಗುಟ್ಟಾಗಿ ಉಳಿದಿರುವುದು ವಿರಳ. ‘ದುಡ್ಡು ಬಿದ್ದಿದೆ’ ಎಂಬ ಸುದ್ದಿಯು ಊರಿಗೆ ಹರಡಿದ ದಿನ ಹೋಬಳಿಯ ಎಟಿಎಂ ಬಾಗಿಲಲ್ಲಿ ಅರ್ಧ ಘಳಿಗೆ ನಿಂತು ನೋಡಿದರೆ ಸಾಕು. ಕಣ್ಣು ಮಂಜಾದ ಮುದುಕಿಯೊಬ್ಬಳು, ಸಾಲಿನಲ್ಲಿ ತನ್ನ ಹಿಂದೆ ನಿಂತ, ತಾನು ಎಂದೂ ಕಾಣದ ಹುಡುಗನ ಕೈಗೆ ಕಾರ್ಡನ್ನಿತ್ತು, ‘ಒಂದು ಸಾವ್ರ ತಕ್ಕೊಡಪ್ಪಾ’ ಎನ್ನುತ್ತ, ನಾಲ್ಕು ಅಂಕೆಗಳನ್ನು ಕೋಣೆಯಲ್ಲಿದ್ದವರೆಲ್ಲರಿಗೂ ಕೇಳಿಸುವಂತೆ ಉಚ್ಚರಿಸುತ್ತಾಳೆ. ಇನ್ನೊಬ್ಬನು ಆ ಅಂಕೆಗಳನ್ನು ಪಾಸ್‌ಬುಕ್ಕಿನ ಹಿಂಬದಿಯ ರಟ್ಟಿನ ಮೇಲೆಯೇ ಬರೆಸಿಕೊಂಡಿರುತ್ತಾನೆ, ಮರೆತುಹೋಗಬಾರದಲ್ಲ! ಹುಡುಗರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಪ್ರಾಮಾಣಿಕರು, ಎಣಿಸಿ ಕೈಗಿಟ್ಟು ಹೋಗುವವರು. ಈ ನೆಲದ ಸೌಜನ್ಯವು ಇನ್ನೂ ಬತ್ತಿಲ್ಲ. ಉಳಿದ ಒಬ್ಬನು ಅದೇ ಬಣ್ಣದ ಬೇರೊಂದು ಕಾರ್ಡನ್ನು ಮುದುಕಿಗೆ ಹಿಂತಿರುಗಿಸಿ, ಅವಳದನ್ನು ತಾನಿಟ್ಟುಕೊಂಡು, ಆ ಸಂಜೆ ಬೇರೊಂದು ಊರಿನ ಎಟಿಎಂನಲ್ಲಿ ಖಾತೆಯನ್ನು ಬರಿದು ಮಾಡುತ್ತಾನೆ. ಕಾರ್ಡು ಅದಲುಬದಲಾದ ದೂರುಗಳು ನಮ್ಮ ತಾಲ್ಲೂಕುಗಳ ಪೊಲೀಸು ಠಾಣೆಗಳಿಗೆ ಅಪರಿಚಿತವಲ್ಲ. ಇಂಥ ಮುದುಕಿಯು ಔಷಧದಂಗಡಿಯಲ್ಲಿ ಇನ್ನೂರು ರೂಪಾಯಿಯ ಮಾತ್ರೆಗಾಗಿ, ಯಾರಿಗೂ ಯಾವ ಅಂಕೆಯನ್ನೂ ಹೇಳದೆ, ಕಾರ್ಡನ್ನು ತನ್ನ ಕೈಯಿಂದಲೇ ಯಂತ್ರಕ್ಕೆ ತಾಗಿಸಿ ಹಿಂದಕ್ಕೆ ತೆಗೆದುಕೊಳ್ಳುವಂತಾದರೆ ಅದು ಅವಳ ಪಾಲಿಗೆ ಅನುಕೂಲ ಮಾತ್ರವಲ್ಲ, ರಕ್ಷಣೆಯೂ ಹೌದು. ಕಾರ್ಡು ಕೈಬಿಟ್ಟು ಹೋಗದಿರುವುದು, ಗುಟ್ಟು ಬಾಯಿಬಿಟ್ಟು ಬಾರದಿರುವುದು, ಇವೆರಡೂ ಈ ಪದ್ಧತಿಯ ನಿಜವಾದ ಗುಣಗಳು. ಕ್ಷಣಾರ್ಧದಲ್ಲಿ ಹಣ ಸಲ್ಲುವುದೆಂಬ ಜಾಹೀರಾತಿನ ಮಾತಿಗೆ ನಮ್ಮ ಊರುಗಳಲ್ಲಿ ಅಷ್ಟೇನೂ ಬೆಲೆಯಿಲ್ಲ, ಅಲ್ಲಿ ಯಾರೂ ಅಷ್ಟು ಅವಸರದಲ್ಲಿಲ್ಲ.

ಕಾರ್ಡಿಗೆ ಹೆದರುವ ಅದೇ ಮಂದಿ ನಿರ್ಭಯವಾಗಿ ಮಾಡುವ ಇನ್ನೊಂದು ಕೆಲಸವುಂಟು, ಹೆಬ್ಬೆಟ್ಟು ಒತ್ತುವುದು. ಬೆರಳಿನ ಗುರುತನ್ನು ಕರಾರಿಗೆ ಸಾಕ್ಷಿಯಾಗಿ ಪಡೆಯುವ ಪದ್ಧತಿಯ ಆಧುನಿಕ ಚರಿತ್ರೆಯು ನಮ್ಮ ದೇಶದಲ್ಲಿಯೇ ಮೊದಲಾಯಿತು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ಗುತ್ತಿಗೆದಾರನೊಬ್ಬನ ಅಂಗೈಯ ಮುದ್ರೆಯನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡನು. ಆ ಬಳಿಕ ಒಂದು ಶತಮಾನಕ್ಕೂ ಮಿಕ್ಕು ಬಡ್ಡಿಯ ಸಾಹುಕಾರನ ಕಾಗದಗಳಲ್ಲಿ ನಮ್ಮ ರೈತನ ಹೆಬ್ಬೆಟ್ಟು ಏನೇನನ್ನು ಒಪ್ಪಿಕೊಂಡಿತೆಂಬುದನ್ನು ಆ ಹೆಬ್ಬೆಟ್ಟಿನ ಯಜಮಾನನೇ ಅರಿಯನು. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯಿದೆಯು ಅಂಥ ಎಷ್ಟೋ ಕಾಗದಗಳನ್ನು ನಿರರ್ಥಕಗೊಳಿಸಿದಾಗ ಬಯಲು ಸೀಮೆಯ ಹಳ್ಳಿಗಳು ನಿಟ್ಟುಸಿರು ಬಿಟ್ಟವು.

ಈಗ ಆಧಾರ್ ಆಧಾರಿತ ಪಾವತಿಯೆಂಬ ಹೆಸರಿನಲ್ಲಿ ಹೆಬ್ಬೆಟ್ಟು ಮರಳಿ ಬಂದಿದೆ. ಬ್ಯಾಂಕಿಲ್ಲದ ಹಳ್ಳಿಗೆ ಬ್ಯಾಂಕ್ ಮಿತ್ರನೊಬ್ಬನು ಸಣ್ಣ ಯಂತ್ರದೊಂದಿಗೆ ಬಂದು, ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳ ಗುರುತು, ಈ ಮೂರರ ಮೇಲೆ ಹಣ ಕೊಡುತ್ತಾನೆ. ಒಂದು ಸಲಕ್ಕೆ 10,000 ರೂಪಾಯಿಯವರೆಗೆ. ಇಪ್ಪತ್ತು ಮೈಲಿ ಬಸ್ಸಿನಲ್ಲಿ ಹೋಗಿ ಬ್ಯಾಂಕಿನ ಸಾಲಿನಲ್ಲಿ ನಿಂತು ಒಂದು ದಿನದ ಕೂಲಿ ಕಳೆದುಕೊಳ್ಳುವುದು ಇದರಿಂದ ತಪ್ಪಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಲ್ಲಿ ಕಾರ್ಡೂ ಬೇಡ, ಪಿನ್ನೂ ಬೇಡ, ಓಟಿಪಿಯೂ ಬೇಡ. 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿಯ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಗಳಿಂದ ಅವರು ಎಲ್ಲಿಯೂ ಬೆರಳಿಡದೆಯೇ ಹಣವು ಹೋದಾಗ, ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿದ್ದ ಕ್ರಯಪತ್ರಗಳ ಮೇಲಿನ ಬೆರಳ ಗುರುತುಗಳತ್ತ ಸಂಶಯವು ತಿರುಗಿತು. ಪತ್ರಗಳಲ್ಲಿನ ಆ ಗುರುತುಗಳನ್ನು ಮರೆಮಾಡುವ ಕ್ರಮವನ್ನು ಸರ್ಕಾರವು ಕೈಗೊಳ್ಳಬೇಕಾಯಿತು. ಕಳೆದ ಕಾರ್ಡನ್ನು ಒಂದು ಫೋನ್ ಕರೆಯಿಂದ ರದ್ದು ಮಾಡಿ ಹೊಸದನ್ನು ತರಿಸಬಹುದು; ಬಯಲಾದ ಪಿನ್ನನ್ನು ಬದಲಿಸಬಹುದು; ಕದ್ದುಹೋದ ಹೆಬ್ಬೆರಳಿಗೆ ಬದಲಿ ಹೆಬ್ಬೆರಳನ್ನು ಯಾವ ಬ್ಯಾಂಕೂ ಕೊಡಲಾರದು. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿಯೂ ಜಾಲತಾಣದಲ್ಲಿಯೂ ಬೆರಳ ಗುರುತಿಗೆ ಬೀಗ ಹಾಕಿಕೊಳ್ಳುವ ಅನುಕೂಲವಿದೆ. ಆದರೆ ಆ ಬೀಗವನ್ನು ನಾವಾಗಿ ಹುಡುಕಿ ಹಾಕಿಕೊಳ್ಳಬೇಕು. ಸ್ಪರ್ಶರಹಿತ ಕಾರ್ಡಿನ ಬಾಗಿಲು ನಿಯಮದಂತೆ ಮುಚ್ಚಿಯೇ ಬರುತ್ತದೆ, ತೆರೆಯುವುದು ನಮ್ಮಿಚ್ಛೆ. ಹೆಬ್ಬೆಟ್ಟಿನ ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತದೆ, ಮುಚ್ಚುವುದು ನಮ್ಮ ಹೊಣೆ. ಈ ವಿಪರ್ಯಾಸವನ್ನು ಕುರಿತು ವಾಟ್ಸಾಪಿನಲ್ಲಿ ಯಾರೂ ವಿಡಿಯೊ ಮಾಡಿ ಕಳುಹಿಸಿದಂತೆ ಕಾಣೆ.

ಬಾಗಿಲು ಮುಚ್ಚಿಯೇ ಬರುತ್ತದೆಂದೆನಲ್ಲ, ಅದಕ್ಕೆ ಆಧಾರವು 2020ರ ಜನವರಿ 15ರ ರಿಸರ್ವ್ ಬ್ಯಾಂಕಿನ ಸುತ್ತೋಲೆ. ಅದೇ ವರ್ಷದ ಅಕ್ಟೋಬರಿನಿಂದ ಪೂರ್ಣವಾಗಿ ಜಾರಿಗೆ ಬಂದ ಆ ನಿಯಮದಂತೆ, ಹೊಸ ಕಾರ್ಡು ಕೈಗೆ ಬಂದಾಗ ದೇಶದೊಳಗಿನ ಎಟಿಎಂಗಳಲ್ಲಿಯೂ ಅಂಗಡಿಯ ಯಂತ್ರಕ್ಕೆ ತೂರಿಸಿ ಬಳಸುವುದಕ್ಕೂ ಮಾತ್ರ ಸಲ್ಲಬೇಕು. ಆನ್‌ಲೈನ್, ವಿದೇಶ, ಸ್ಪರ್ಶರಹಿತ, ಈ ಮೂರು ಬಗೆಯ ಬಳಕೆಯನ್ನು ಗ್ರಾಹಕನೇ ಕೇಳಿ ತೆರೆಸಿಕೊಳ್ಳಬೇಕು. ತೆರೆಯುವ, ಮುಚ್ಚುವ, ಮಿತಿಯನ್ನು ತಗ್ಗಿಸುವ ಅಧಿಕಾರವು ಹಗಲಿರುಳೂ ಅವನ ಕೈಯಲ್ಲಿರಬೇಕು. ಕಾಗದದ ಮೇಲೆ ಇದು ಬಹು ಸೊಗಸಾದ ನಿಯಮ. ಆದರೆ ಆ ಅಧಿಕಾರದ ಕೀಲಿಯು ಇರುವುದು ಮೊಬೈಲ್ ಆ್ಯಪಿನಲ್ಲಿ, ನೆಟ್ ಬ್ಯಾಂಕಿಂಗಿನಲ್ಲಿ, ಎಟಿಎಂ ಪರದೆಯ ಮೂರನೆಯ ಪುಟದ ಮೂಲೆಯಲ್ಲಿ, ಅಥವಾ ಒಂದನ್ನೊತ್ತಿ ಎರಡನ್ನೊತ್ತಿ ಎಂದು ಮುಗಿಯದೆ ಮಾತನಾಡುವ ದೂರವಾಣಿಯ ಧ್ವನಿಯಲ್ಲಿ. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯು ಎಷ್ಟೋ ಮನೆಗಳಲ್ಲಿ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಮಗನದು. ಹಣ ಹೋಯಿತೆಂಬ ಸಂದೇಶವು ಅವನಿಗೆ, ಅದೂ ಇಂಗ್ಲಿಷಿನಲ್ಲಿ, ಹೋಗುತ್ತದೆ. ಹಣ ಕಳೆದುಕೊಂಡ ತಾಯಿಗೆ ಮುಂದಿನ ಹಬ್ಬಕ್ಕೆ ಅವನು ಊರಿಗೆ ಬಂದಾಗ ತಿಳಿಯುತ್ತದೆ. ಕೇಳೋಣವೆಂದು ಶಾಖೆಗೆ ಹೋದರೆ ಅಲ್ಲಿ ಕನ್ನಡ ಬಲ್ಲವರು ಇದ್ದರೆ ಅದೃಷ್ಟ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯೊಬ್ಬರು ಕನ್ನಡ ಮಾತನಾಡಲಾರೆನೆಂದುದರಿಂದ ನಡೆದ ವಾಗ್ವಾದವು ರಾಜ್ಯವ್ಯಾಪಿ ಸುದ್ದಿಯಾಗಿ ಮುಖ್ಯಮಂತ್ರಿಗಳೂ ಖಂಡಿಸಬೇಕಾಯಿತು; ಕ್ಯಾಮೆರಾ ಇಲ್ಲದ ಶಾಖೆಗಳಲ್ಲಿ ನಡೆಯುವುದಕ್ಕೆ ಖಂಡನೆ ಎಲ್ಲಿಂದ ಬರಬೇಕು? ಇದರ ಮೇಲೆ ಬ್ಯಾಂಕುಗಳ ನಾಮಾಂತರದ ಗೊಂದಲ ಬೇರೆ. ಹಿಂದೆ ಕಲ್ಪತರು ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದವನು ತನ್ನ ಊರಿನ ಅದೇ ಕಟ್ಟಡಕ್ಕೆ ಹೋಗುತ್ತ ಹೋಗುತ್ತಲೇ ಕಾವೇರಿ ಕಲ್ಪತರು, ಕಾವೇರಿ ಗ್ರಾಮೀಣ, 2019ರಿಂದ ಕರ್ನಾಟಕ ಗ್ರಾಮೀಣ, 2025ರಲ್ಲಿ ಮತ್ತೊಂದು ವಿಲೀನ, ಹೀಗೆ ಹಲವು ಹೆಸರುಗಳ ಗ್ರಾಹಕನಾದನು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ‘ನಿಮ್ಮ ಬ್ಯಾಂಕು ಬದಲಾಗಿದೆ, ಹಳೆಯ ಕಾರ್ಡು ಬಂದ್ ಆಗುತ್ತದೆ, ನಂಬರು ಹೇಳಿ’ ಎಂದು ಫೋನು ಮಾಡುವ ವಂಚಕನಿಗೆ ಇದಕ್ಕಿಂತ ನಂಬಲರ್ಹವಾದ ಪೀಠಿಕೆಯನ್ನು ಯಾರು ತಾನೇ ಬರೆದುಕೊಡಬಲ್ಲರು?

ಅಂಗಡಿಯವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕೊರಟಗೆರೆಯ ಚಿಲ್ಲರೆ ಅಂಗಡಿಯಲ್ಲಿ ಕಾರ್ಡನ್ನು ತೋರಿಸಿದರೆ ಬಹುತೇಕ ‘ಫೋನ್‌ಪೇ ಇಲ್ವಾ ಸಾರ್?’ ಎಂಬ ಪ್ರತಿಪ್ರಶ್ನೆಯೇ ಬರುತ್ತದೆ. ಸ್ಕ್ಯಾನ್ ಮಾಡುವ ಚೀಟಿಗೆ ಅವನು ಕಾಸು ಕೊಡಬೇಕಾಗಿಲ್ಲ. ಸ್ವೈಪ್ ಮಷಿನ್ನಿಗೆ ಬಾಡಿಗೆಯುಂಟು. ರುಪೇ ಡೆಬಿಟ್ ಕಾರ್ಡಿನ ವ್ಯವಹಾರಕ್ಕೆ 2020ರಿಂದ ವ್ಯಾಪಾರಿಯ ಮೇಲೆ ಶುಲ್ಕವಿಲ್ಲವಾದರೂ ಇತರ ಕಾರ್ಡುಗಳಿಗೆ ಇದೆ. ಆದುದರಿಂದ ಪೆಟ್ರೋಲ್ ಬಂಕು, ಜವಳಿಯಂಗಡಿ, ದೊಡ್ಡ ಔಷಧದಂಗಡಿ, ಇಂಥ ಕಡೆಗಳಲ್ಲಿ ಮಾತ್ರ ಈ ಕಾರ್ಡಿನ ಕಾಲ ನಡೆಯುತ್ತಿದೆ. ಸ್ಮಾರ್ಟ್ ಫೋನಿಲ್ಲದವನಿಗೆ, ಇದ್ದರೂ ಬಳಸಲರಿಯದವನಿಗೆ ಕಾರ್ಡೊಂದೇ ಗತಿ. ಆ ಅಲ್ಪಸಂಖ್ಯಾತರು ಬಡವರೂ ವೃದ್ಧರೂ ಆಗಿರುವುದರಿಂದಲೇ ಈ ವಿಷಯವನ್ನು ಇಷ್ಟು ಉದ್ದವಾಗಿ ಬರೆಯಬೇಕಾಗಿದೆ.

ಹಣ ಹೋದ ಮೇಲೆ ಕಾನೂನು ಏನೆನ್ನುತ್ತದೆಂಬುದನ್ನೂ ಬಲ್ಲವರು ಕಡಮೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಆದೇಶದಂತೆ, ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಮೂರನೆಯವನ ಕೃತ್ಯದಿಂದ ಹಣ ಹೋಗಿ, ಬ್ಯಾಂಕಿನ ಸಂದೇಶವು ತಲಪಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕನಿಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನಗಳಾದರೆ ಜನಧನದಂಥ ಮೂಲ ಉಳಿತಾಯ ಖಾತೆಯವನ ಹೊಣೆಯು 5,000 ರೂಪಾಯಿಗೆ, ಸಾಮಾನ್ಯ ಉಳಿತಾಯ ಖಾತೆಯವನದು 10,000 ರೂಪಾಯಿಗೆ ನಿಲ್ಲುತ್ತದೆ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಿ, ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಸಬೇಕು; ತಪ್ಪು ಗ್ರಾಹಕನದೆಂದು ಸಾಧಿಸುವ ಭಾರವು ಬ್ಯಾಂಕಿನ ಮೇಲಿದೆಯೇ ಹೊರತು, ತಾನು ನಿರ್ದೋಷಿಯೆಂದು ಸಾಧಿಸುವ ಭಾರವು ಗ್ರಾಹಕನ ಮೇಲಿಲ್ಲ. ದೂರು ಕೊಟ್ಟ ಬಳಿಕ ಹೋದುದೆಲ್ಲ ಬ್ಯಾಂಕಿನ ನಷ್ಟ. ಆದರೆ ಪಿನ್ನನ್ನು ತಾನೇ ಹೇಳಿದವನು ಅಜಾಗರೂಕನೆನಿಸಿಕೊಂಡು, ದೂರು ಕೊಡುವ ಕ್ಷಣದವರೆಗಿನ ನಷ್ಟವನ್ನು ತಾನೇ ಹೊರಬೇಕಾಗುತ್ತದೆ; ಎಟಿಎಂ ಬಾಗಿಲಿನ ಆ ಮುದುಕಿಯನ್ನು ಈ ವಾಕ್ಯವೇ ಕೈಬಿಡುತ್ತದೆ. ಗುಟ್ಟನ್ನೇ ಕೇಳದ ಕಾರ್ಡನ್ನು ಬಳಸಿದವಳ ಮೇಲೆ ಗುಟ್ಟು ಬಿಟ್ಟುಕೊಟ್ಟ ಆರೋಪವನ್ನು ಹೊರಿಸುವುದು ಅಷ್ಟು ಸುಲಭವಲ್ಲ. ಹಣ ಹೋದುದು ತಿಳಿದೊಡನೆ ಬ್ಯಾಂಕಿಗೂ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ಕರೆ ಮಾಡತಕ್ಕದ್ದು. ಬ್ಯಾಂಕು ಮೂವತ್ತು ದಿನಗಳಾದರೂ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಒಯ್ಯಬಹುದು, ಅದರ ದೂರವಾಣಿ 14448.

ಇನ್ನು ಆಗಬೇಕಾದುದಕ್ಕೆ ಹೊಸ ಶಾಸನವೇನೂ ಬೇಡ. ಐದು ಸಾವಿರವೆಂಬುದು ಮೇಲಿನ ಎಲ್ಲೆಯೇ ಹೊರತು ಕಡ್ಡಾಯದ ಮೊತ್ತವಲ್ಲ. ಅದಕ್ಕಿಂತ ಕಡಮೆಯ ಮಿತಿಯಿಂದ ಆರಂಭಿಸಲು ಬ್ಯಾಂಕುಗಳಿಗೆ ಯಾವ ಅಡ್ಡಿಯೂ ಇಲ್ಲ. ಮೂಲ ಉಳಿತಾಯ ಖಾತೆಗಳಲ್ಲಿಯೂ ಸರ್ಕಾರದ ಸಹಾಯಧನ ಬರುವ ಖಾತೆಗಳಲ್ಲಿಯೂ, ಸ್ಪರ್ಶರಹಿತ ಬಳಕೆಯನ್ನು ತೆರೆಸಿಕೊಂಡವರಿಗೆ 500 ರೂಪಾಯಿಯ ಮಿತಿಯನ್ನಿಟ್ಟು, ದಿನಕ್ಕೆ ಮೂರು ಸಲ ತಾಗಿಸಿದ ಮೇಲೆ ಪಿನ್ ಕೇಳುವಂತೆ ಮಾಡಿ, ಹೆಚ್ಚು ಬೇಕೆಂದವರಿಗೆ ಕೇಳಿದಾಗ ಹೆಚ್ಚಿಸಿಕೊಟ್ಟರೆ ಸಾಕು. ಕಾರ್ಡಿನ ಲಕೋಟೆಯೊಳಗೆ ಕನ್ನಡದಲ್ಲಿ, ಪಾವಗಡದ ಗಡಿ ಹಳ್ಳಿಗಳಿಗೆ ತೆಲುಗಿನಲ್ಲಿಯೂ, ದೊಡ್ಡಕ್ಷರದ ಒಂದು ಹಾಳೆಯನ್ನಿಟ್ಟು, ಮಿತಿ ಎಷ್ಟಿದೆ, ಮುಚ್ಚುವುದು ಹೇಗೆ, ಕಳೆದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಇಷ್ಟನ್ನು ಬರೆದರೆ ಆಗುವ ಖರ್ಚು ಕೆಲವು ಪೈಸೆಗಳು. ಗ್ರಾಮೀಣ ಶಾಖೆಗಳು ಆರ್ಥಿಕ ಸಾಕ್ಷರತಾ ಶಿಬಿರಗಳನ್ನು ನಡೆಸಬೇಕೆಂಬ ನಿಯಮವು ಈಗಾಗಲೇ ಇದೆ. ಭಾಷಣಕ್ಕೂ ಬ್ಯಾನರಿನ ಮುಂದಿನ ಛಾಯಾಚಿತ್ರಕ್ಕೂ ಮುಗಿಯುವ ಆ ಶಿಬಿರವನ್ನು ಹಾಲಿನ ಡೈರಿಯ ಬಟವಾಡೆಯ ದಿನ, ಇಲ್ಲವೇ ಸ್ತ್ರೀಶಕ್ತಿ ಸಂಘದ ಸಭೆಯ ಸಂಜೆ ನಡೆಸಿ, ಪ್ರತಿಯೊಬ್ಬರ ಕಾರ್ಡನ್ನೂ ಅವರ ಕೈಯಿಂದಲೇ ತೆರೆಸಿ ಮುಚ್ಚಿಸಿ ತೋರಿಸಿದರೆ, ಬೆಳ್ಳಿಯ ಕಾಗದದ ಅವಶ್ಯಕತೆಯು ತಾನಾಗಿ ಇಲ್ಲವಾಗುವುದು. ಮೂರು ತಿಂಗಳಿಗೊಮ್ಮೆ ತುಮಕೂರಿನಲ್ಲಿ ಜಿಲ್ಲೆಯ ಬ್ಯಾಂಕರುಗಳೂ ಅಧಿಕಾರಿಗಳೂ ಕೂಡುವ ಸಮಾಲೋಚನಾ ಸಮಿತಿಯಲ್ಲಿ ಸಾಲ, ಠೇವಣಿ, ಅವುಗಳ ಅನುಪಾತ, ಇವು ವಿಸ್ತಾರವಾಗಿ ಚರ್ಚೆಗೆ ಬರುತ್ತವೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಮಿತಿಯ ವಿಷಯವನ್ನೂ ಸೇರಿಸುವಂತೆ ನಾಲ್ಕು ತಾಲ್ಲೂಕುಗಳ ಶಾಸಕರಲ್ಲಿ ಒಬ್ಬರಾದರೂ ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯಬಹುದು.